ಕಾಡು ಇತ್ತು, ನೀಲಿ ಇರಲಿಲ್ಲ: ಅಪ್ಪ ಅಮ್ಮನ ಜೊತೆ ಬೆಲ್ಜಿಯಂನ ಒಂದು ವಸಂತ

ನೀಲಿ ಹೂವಿನ ಕಾಡು ತೋರಿಸ್ತೀನಿ ಅಂತ ಅಪ್ಪ ಅಮ್ಮನನ್ನು ಕರಕೊಂಡು ಹೋದೆ. ಕಾಡು ಇತ್ತು. ನೀಲಿ ಇರಲಿಲ್ಲ.

ಅವತ್ತು ಏಪ್ರಿಲ್ ಎರಡನೇ ವಾರದ ಒಂದು ಮಂಗಳವಾರ. ಬ್ರಸೆಲ್ಸ್‌ನಿಂದ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್ ಹೋದರೆ ಹಾಲೆ ಅನ್ನೋ ಊರು ಸಿಗುತ್ತದೆ. ಅದರ ಪಕ್ಕದ ಕಾಡು ಹಾಲರ್‌ಬೋಸ್. ಬೋಸ್ ಅಂದರೆ ಡಚ್ ಭಾಷೆಯಲ್ಲಿ ಕಾಡು. ವಸಂತದಲ್ಲಿ ಅಲ್ಲಿ ಬೀಚ್ ಮರಗಳ ಬುಡದಲ್ಲಿ ನೆಲವೇ ಕಾಣದ ಹಾಗೆ ಬ್ಲೂಬೆಲ್ ಅರಳುತ್ತದೆ. ನಾನು ಬೆಲ್ಜಿಯಂನ ಲ್ಯೂವೆನ್ ಊರಿಗೆ ಬಂದು ನಾಲ್ಕು ವರ್ಷವಾಯಿತು. ಪ್ರತಿ ವರ್ಷ ಆ ಫೋಟೋ ನೋಡೋದು, ಮುಂದಿನ ವಾರ ಹೋಗೋಣ ಅಂದುಕೊಳ್ಳೋದು, ಮುಂದಿನ ವಾರಕ್ಕೆ ಹೂವು ಮುಗಿದಿರೋದು. ಈ ಸಲ ಹಾಗಾಗಬಾರದು ಅಂತ ಬೇಗ ಹೋದೆ. ಸ್ವಲ್ಪ ಜಾಸ್ತಿಯೇ ಬೇಗ ಆಯಿತು.

ಎಲ್ಲಿ ನೋಡಿದರೂ ಹಸಿರು ಎಲೆ. ಈರುಳ್ಳಿ ಸೊಪ್ಪಿನ ಹಾಗೆ ಉದ್ದುದ್ದ. ನಡುವೆ ಅಲ್ಲಲ್ಲಿ ಬಿಳಿ ಅನಿಮೋನ್ ಹೂವು, ಬೊಟ್ಟು ಇಟ್ಟ ಹಾಗೆ. ಅಪ್ಪ ದಾರಿಯ ಅಂಚಿನಲ್ಲೇ ಕುಕ್ಕರುಗಾಲಲ್ಲಿ ಕೂತು, ಒಂದು ಗಿಡದ ಎಲೆಗಳನ್ನು ಬೆರಳಿನಿಂದ ಬಿಡಿಸಿ ನೋಡಿದರು. "ಮೊಗ್ಗು ಇನ್ನೂ ಹೊಟ್ಟೆಯಲ್ಲಿದೆ. ಹನ್ನೆರಡು ದಿನ ಬೇಕು. ಯಾವ ಕ್ಯಾಲೆಂಡರ್ ನೋಡ್ಕೊಂಡು ಕರಕೊಂಡು ಬಂದ್ಯೆ ಮಾರಾಯ್ತಿ?"

ಅಪ್ಪನದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಅವರಿಗೆ ಬಿಡುವು ಸಿಗೋದೇ ಕಡಿಮೆ. ಕೊಯ್ಲು, ಸುಲಿಯೋದು, ಒಣಗಿಸೋದು ಎಲ್ಲ ಮುಗಿದು, ಮಳೆಗಾಲದ ಕೆಲಸ ಶುರುವಾಗುವ ಮೊದಲು ಸಿಗುವ ಸಂದು ಏಪ್ರಿಲ್ ಮಾತ್ರ. ಹಾಗಾಗಿ ಮೂರೂವರೆ ವಾರಕ್ಕೆ ಬಂದಿದ್ದರು. ನಾನು ಒಂದು ಎಕ್ಸೆಲ್ ಶೀಟ್ ಮಾಡಿಟ್ಟಿದ್ದೆ. ಯಾವ ದಿನ ಯಾವ ಊರು, ಎಷ್ಟು ಗಂಟೆಯ ರೈಲು, ಎಲ್ಲಿ ಊಟ. ಎರಡನೇ ದಿನಕ್ಕೇ ಅದು ಕೆಟ್ಟಿತು. ಇಲ್ಲಿಯ ವಸಂತಕ್ಕೆ ನನ್ನ ಶೀಟ್ ಗೊತ್ತಿರಲಿಲ್ಲ ಅಷ್ಟೇ.

ಹವಾಮಾನದ ಬಗ್ಗೆ ಒಂದು ಮಾತು. ಫ್ಲಾಂಡರ್ಸ್‌ನಲ್ಲಿ, ಅಂದರೆ ಬೆಲ್ಜಿಯಂನ ಡಚ್ ಮಾತಾಡುವ ಉತ್ತರ ಭಾಗದಲ್ಲಿ, ಮಾರ್ಚಿನ ಮಳೆ, ಏಪ್ರಿಲ್‌ನ ಹುಚ್ಚಾಟ ಅಂತ ಒಂದು ಗಾದೆಯೇ ಇದೆ. ಸುಮ್ನೆ ಹೇಳೋದಲ್ಲ. ಒಂದು ಮಧ್ಯಾಹ್ನ ಮನೆಯಿಂದ ಹೊರಟಾಗ ಬಿಸಿಲು, ಬಸ್ ಸ್ಟಾಪಿನಲ್ಲಿ ಆಲಿಕಲ್ಲು, ಬಸ್ ಹತ್ತಿದಾಗ ಮತ್ತೆ ಬಿಸಿಲು. ಅಮ್ಮ ಸೀರೆಯ ಒಳಗೆ ಥರ್ಮಲ್ ಪ್ಯಾಂಟ್, ಮೇಲೆ ಸ್ವೆಟರ್, ಅದರ ಮೇಲೆ ನನ್ನ ಹಳೆಯ ಕೋಟು ಹಾಕಿದ್ದಳು. ಅಪ್ಪ ಮಂಕಿ ಕ್ಯಾಪ್ ತೆಗೆದದ್ದು ವಾಪಸ್ ಹೋಗುವ ವಾರದಲ್ಲಿ. ಊರಿಂದ ಹಿರಿಯರನ್ನು ಕರೆಸಿಕೊಳ್ಳುವವರು 'ಸ್ಪ್ರಿಂಗ್' ಅನ್ನೋ ಪದವನ್ನು ನಂಬಬೇಡಿ. ನಮ್ಮ ಕಡೆಯ ಜನವರಿ ಬೆಳಗ್ಗೆಗಿಂತ ಚಳಿ ಇರುತ್ತದೆ.

ಶೀಟ್ ಕೆಟ್ಟ ಮೇಲೆ ಮೊದಲ ಕೆಲವು ದಿನ ಲ್ಯೂವೆನ್‌ನಲ್ಲೇ ಸುತ್ತಿದೆವು. ಅದು ಒಳ್ಳೆಯದೇ ಆಯಿತು. ನಮ್ಮ ಮನೆಯಿಂದ ಹದಿನೈದು ನಿಮಿಷ ನಡೆದರೆ ಗ್ರೋಟ್ ಬೆಗೈನ್‌ಹೋಫ್. ಡೈಲೆ ಹೊಳೆಯ ಎರಡೂ ಕಡೆ ಕೆಂಪು ಇಟ್ಟಿಗೆಯ ಪುಟ್ಟ ಪುಟ್ಟ ಮನೆಗಳು, ಕಲ್ಲು ಹಾಸಿದ ಓಣಿಗಳು. 13ನೇ ಶತಮಾನದಲ್ಲಿ ಶುರುವಾದ ಜಾಗ. ಈಗಿರುವ ಮನೆಗಳು ಹೆಚ್ಚಿನವು 17ನೇ ಶತಮಾನದವು. 1962ರಲ್ಲಿ ವಿಶ್ವವಿದ್ಯಾಲಯ ಕೊಂಡು ರಿಪೇರಿ ಮಾಡಿಸಿತು. ಈಗ ವಿದ್ಯಾರ್ಥಿಗಳು, ಹೊರಗಿಂದ ಬಂದ ಪ್ರೊಫೆಸರುಗಳು ಇದ್ದಾರೆ.

"ಮೊದಲು ಯಾರಿದ್ರು?" ಅಂತ ಅಮ್ಮ ಕೇಳಿದಳು.

ಬೆಗೈನ್‌ಗಳು ಅಂದೆ. ಒಂಟಿ ಹೆಂಗಸರು. ಮದುವೆ ಆಗದವರು, ಗಂಡ ಸತ್ತವರು. ಸನ್ಯಾಸಿನಿಯರಲ್ಲ. ದೇವರ ಹೆಸರಲ್ಲಿ ಬದುಕುತ್ತಿದ್ದರು, ಆದರೆ ಜೀವಮಾನದ ದೀಕ್ಷೆ ಇಲ್ಲ. ಬೇಡ ಅನಿಸಿದರೆ ಎದ್ದು ಹೋಗಬಹುದಿತ್ತು. ತಮ್ಮ ಆಸ್ತಿ ತಮ್ಮ ಕೈಯಲ್ಲೇ. ಲೇಸ್ ಹೆಣೆದು, ಬಟ್ಟೆ ಒಗೆದು ತಮ್ಮ ಅನ್ನ ತಾವು ದುಡಿಯುತ್ತಿದ್ದರು. ಜಗತ್ತಿನ ಕೊನೆಯ ಬೆಗೈನ್ ಇದೇ ದೇಶದ ಕೋರ್ಟ್ರೈಕ್‌ನಲ್ಲಿ ತೀರಿಕೊಂಡದ್ದು 2013ರಲ್ಲಿ.

ಅಮ್ಮ ಒಂದು ಮನೆಯ ಮುಂದೆ ನಿಂತುಬಿಟ್ಟಳು. ತಗ್ಗು ಬಾಗಿಲು, ಬಾಗಿಲ ಪಕ್ಕ ಒಂದು ಕುಂಡದಲ್ಲಿ ಹಳದಿ ಡ್ಯಾಫೋಡಿಲ್. "ನಮ್ಮ ದೊಡ್ಡತ್ತೆ ಹದಿನಾರಕ್ಕೆ ಗಂಡನ್ನ ಕಳಕೊಂಡಿದ್ದು. ಎಪ್ಪತ್ತೆಂಟರವರೆಗೂ ಹಿಂದಿನ ಕೋಣೆಯಲ್ಲೇ ಇದ್ರು," ಅಂದಳು. ಮುಂದೆ ಏನೂ ಹೇಳಲಿಲ್ಲ. ನಾನು ಆ ಓಣಿಯಲ್ಲಿ ನೂರು ಸಲ ಸೈಕಲ್ ಹೊಡೆದಿದ್ದೇನೆ, ಕಲ್ಲಿನ ಮೇಲೆ ಬುಟ್ಟಿ ಕುಣಿಯುತ್ತದೆ ಅಂತ ಬೈದುಕೊಂಡು.

ಇದೇ ಊರಿನ ಇನ್ನೊಂದು ಕಥೆ ಅಪ್ಪನಿಗೆ ಬಹಳ ಹಿಡಿಸಿತು. ಬೆಲ್ಜಿಯಂನ ಉತ್ತರದಲ್ಲಿ ಡಚ್, ದಕ್ಷಿಣದಲ್ಲಿ ಫ್ರೆಂಚ್, ಬ್ರಸೆಲ್ಸ್‌ನಲ್ಲಿ ಎರಡೂ. ಲ್ಯೂವೆನ್ ಡಚ್ ಕಡೆಯ ಊರು. ಆದರೆ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ವಿಭಾಗವೂ ಇತ್ತು. ಗಲಾಟೆಯಾಗಿ 1968ರಲ್ಲಿ ಸರ್ಕಾರವೇ ಬಿತ್ತು. ಫ್ರೆಂಚ್‌ನವರು ಭಾಷಾ ಗಡಿಯ ಆಚೆ ಒಂದು ಹೊಸ ಊರನ್ನೇ ಕಟ್ಟಿಕೊಂಡು ಹೋದರು. ಅದರ ಹೆಸರು ಲೂವ್ಯಾಂ-ಲಾ-ನ್ಯೂವ್, ಅಂದರೆ ಹೊಸ ಲ್ಯೂವೆನ್. ಲೈಬ್ರರಿಯ ಪುಸ್ತಕಗಳನ್ನು ನಂಬರ್ ನೋಡಿ ಸಮ ಒಬ್ಬರಿಗೆ, ಬೆಸ ಒಬ್ಬರಿಗೆ ಅಂತ ಹಂಚಿದರು.

"ಪಾಲಾಗುವಾಗ ಹಂಡೆ, ಕೊಪ್ಪರಿಗೆ ಹಂಚಿದ ಹಾಗೆ," ಅಂದಳು ಅಮ್ಮ. ಅಪ್ಪ, "ಬೆಳಗಾವಿಯವರಿಗೆ ಹೇಳ್ಬೇಡ, ಐಡಿಯಾ ಸಿಗತ್ತೆ," ಅಂದರು. ಆಮೇಲೆ ಯಾವ ರೈಲು ಹತ್ತಿದರೂ ಅನೌನ್ಸ್‌ಮೆಂಟ್ ಯಾವ ಭಾಷೆಗೆ ತಿರುಗಿತು ಅಂತ ಕಿವಿ ಕೊಟ್ಟು ಕೂರೋದು ಅವರಿಗೊಂದು ಆಟವಾಯಿತು. ಲಿಯೇಜ್ ಕಡೆಯ ರೈಲಿನಲ್ಲಿ, ಅದುವರೆಗೆ 'ಲೌಕ್' ಆಗಿದ್ದ ಊರು ಗಡಿ ದಾಟಿದ ಮೇಲೆ 'ಲಿಯೇಜ್' ಆಯಿತು. ಗೊತ್ತಿಲ್ಲದವರು ಬೇರೆ ಊರು ಅಂದುಕೊಂಡು ಇಳಿದೇ ಬಿಡುತ್ತಾರೆ.

ಇನ್ನು ಫ್ರೈಸ್ ವಿಷಯ. ಇದನ್ನು ಬರೆಯಲೋ ಬೇಡವೋ ಅಂತ ಯೋಚಿಸಿದೆ. ಆದರೆ ಇಲ್ಲಿಗೆ ಬರುವ ಸಸ್ಯಾಹಾರಿಗಳಿಗೆ ಉಪಯೋಗವಾಗಲಿ.

ಬೆಲ್ಜಿಯಂನವರಿಗೆ ಆಲೂಗಡ್ಡೆ ಫ್ರೈಸ್ ಅಂದರೆ ಪ್ರಾಣ. ಅದನ್ನು 'ಫ್ರೆಂಚ್' ಅಂದರೆ ಮುಖ ಸಿಂಡರಿಸುತ್ತಾರೆ. ಊರೂರಲ್ಲಿ ಗೂಡಂಗಡಿ ಇರುತ್ತದೆ, ಫ್ರೀಟ್‌ಕೋಟ್ ಅಂತ. ಎರಡು ಸಲ ಕರಿಯುತ್ತಾರೆ. ಮೊದಲು ಹದ ಬಿಸಿಯಲ್ಲಿ ಬೇಯಿಸಿ ತೆಗೆದು ಆರಲು ಬಿಡುತ್ತಾರೆ, ಗಿರಾಕಿ ಬಂದಾಗ ಜೋರು ಬಿಸಿಯಲ್ಲಿ ಇನ್ನೊಮ್ಮೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ತೊಂದರೆ ಇರೋದು ಕರಿಯುವುದರಲ್ಲಿ. ಸಂಪ್ರದಾಯದ ಪ್ರಕಾರ ಅದು ದನದ ಕೊಬ್ಬು. ಎಲ್ಲ ಕಡೆ ಅಲ್ಲ, ಸಸ್ಯದ ಎಣ್ಣೆ ಬಳಸುವವರೂ ಇದ್ದಾರೆ. ಕೇಳಿಯೇ ತಿನ್ನಬೇಕು.

ಇದು ನನಗೆ ಗೊತ್ತಿತ್ತು. ನಾನು ಯಾವಾಗಲೂ ಹೋಗುವ, ಎಣ್ಣೆಯಲ್ಲೇ ಕರಿಯುವ ಅಂಗಡಿ ಅವತ್ತು ಬಾಗಿಲು ಹಾಕಿತ್ತು. ಮಳೆ ಬೇರೆ. ಅಮ್ಮನಿಗೆ ಹಸಿವು. ಪಕ್ಕದ ಬೀದಿಯಲ್ಲಿ ಇನ್ನೊಂದು ಸಿಕ್ಕಿತು, ಕ್ಯೂ ಇತ್ತು, ಗಡಿಬಿಡಿಯಲ್ಲಿ ತಗೊಂಡೆ. ಅಮ್ಮ ಅರ್ಧ ಕೋನ್ ಖಾಲಿ ಮಾಡಿ, "ಎಷ್ಟು ರುಚಿ, ಎಂಥ ಎಣ್ಣೆ ಇದು?" ಅಂದಾಗ ನನಗೆ ಎದೆ ಧಸಕ್ಕೆಂದಿತು. ವಾಪಸ್ ಹೋಗಿ ಕೇಳಿದೆ. ಅದೇ. ಅಂಗಡಿಯವನದು ಏನೂ ತಪ್ಪಿಲ್ಲ, ಗೋಡೆಯ ಮೇಲೆ ಬರೆದೇ ಇತ್ತು. ತಪ್ಪು ನನ್ನದು.

ಹೇಳದೇ ಇರಬಹುದಿತ್ತು. ಹೇಳಿದೆ. ಅಮ್ಮ ಕೋನನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟಳು. ಬೈಯಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ರಾತ್ರಿ ಊಟ ಬಿಟ್ಟಳು. ಮಾರನೇ ದಿನ ಬೆಳಗ್ಗೆ ಕಾಫಿ ಕೊಡುತ್ತಾ, "ಗೊತ್ತಿಲ್ದೆ ತಿಂದದ್ದು, ಬಿಡು. ಆದ್ರೆ ಇನ್ನು ಹೊರಗೆ ಹೋಗುವಾಗ ಬುತ್ತಿ ನಾನೇ ಕಟ್ತೀನಿ," ಅಂದಳು. ಆಮೇಲೆ ಬೆಲ್ಜಿಯಂ ನೋಡಿದ್ದೆಲ್ಲ ಚಪಾತಿ, ಚಟ್ನಿಪುಡಿ, ಚಕ್ಕುಲಿಯ ಜೊತೆಗೆ.

ಬ್ರಸೆಲ್ಸ್, ಬ್ರೂಜ್ ಎರಡಕ್ಕೂ ಒಂದೊಂದು ದಿನ. ಎಲ್ಲರೂ ಬರೆದಿರುವ ಊರುಗಳು, ನಾನು ಹೆಚ್ಚು ಬರೆಯಲ್ಲ. ಗ್ರಾಂಡ್ ಪ್ಲಾಸ್ ಚೌಕ ಚೆಂದವೇ. 1695ರಲ್ಲಿ ಫ್ರೆಂಚರು ಫಿರಂಗಿ ಹೊಡೆದು ಹಾಳು ಮಾಡಿದ ಮೇಲೆ ಕಟ್ಟಿದ ಮನೆಗಳು ಅಂದರೆ ನಂಬೋದು ಕಷ್ಟ. ಉಚ್ಚೆ ಹೊಯ್ಯುವ ಹುಡುಗನ ಗೊಂಬೆ ನೋಡಿ ಅಪ್ಪ, "ಇಷ್ಟೇನಾ?" ಅಂದರು. ಎಲ್ಲರೂ ಹಾಗೇ ಅನ್ನುತ್ತಾರೆ. ಬ್ರೂಜ್‌ನ ಗಂಟೆ ಗೋಪುರಕ್ಕೆ 366 ಮೆಟ್ಟಿಲು. ಕೆಳಗೇ ನಿಂತು ಚಕ್ಕುಲಿ ತಿಂದೆವು.

ಲಾಕೆನ್ ಅರಮನೆಯ ಗಾಜಿನ ಮನೆಗಳು ಮಾತ್ರ ಬೇರೆ. ರಾಜಮನೆತನದ ಖಾಸಗಿ ತೋಟ. ವಸಂತದಲ್ಲಿ ಮೂರು ವಾರದಷ್ಟು ಮಾತ್ರ ಜನರಿಗೆ ತೆರೆಯುತ್ತಾರೆ. ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತಗೋಬೇಕು. ರಾಜ ಎರಡನೇ ಲಿಯೋಪೋಲ್ಡ್ ಕಟ್ಟಿಸಿದ್ದು, ವಾಸ್ತುಶಿಲ್ಪಿ ಅಲ್ಫೋನ್ಸ್ ಬಾಲಾ. ಕಬ್ಬಿಣ ಮತ್ತು ಗಾಜಿನ ದೊಡ್ಡ ಗುಮ್ಮಟದ ಒಳಗೆ ಕಾಲಿಟ್ಟ ಕೂಡಲೇ ಬೆಚ್ಚಗೆ, ತೇವ, ಮಣ್ಣಿನ ವಾಸನೆ. ಅಪ್ಪ ಬಂದ ಮೇಲೆ ಮೊದಲ ಸಲ ಕೋಟಿನ ಗುಂಡಿ ಬಿಚ್ಚಿದರು. ಒಳಗೆ ಎತ್ತರದ ತಾಳೆ ಜಾತಿಯ ಮರಗಳು.

"ದುಡ್ಡು ಕೊಟ್ಟು ತೋಟ ನೋಡೋಕೆ ಇಷ್ಟು ದೂರ ಬಂದ್ವಾ?" ಅಂತ ಅಪ್ಪ. ಆದರೆ ಖುಷಿಯಾಗಿದ್ದರು ಅಂತ ಗೊತ್ತಾಗುತ್ತಿತ್ತು. ಅಮ್ಮನಿಗೆ ಲಾಲ್‌ಬಾಗಿನ ಗಾಜಿನ ಮನೆ ನೆನಪಾಯಿತು. ಹೆಚ್ಚುಕಮ್ಮಿ ಒಂದೇ ಕಾಲದವು. ಲಾಲ್‌ಬಾಗಿನದಕ್ಕೆ ಅಡಿಗಲ್ಲು ಹಾಕಿದ್ದು 1889ರಲ್ಲಿ. ಉದ್ದನೆಯ ಓಣಿಯಂಥ ಒಂದು ಗಾಜಿನ ದಾರಿಯಲ್ಲಿ ಜೆರೇನಿಯಂ, ಫ್ಯೂಷಿಯಾ ಹೂವುಗಳು ತಲೆಯ ಮೇಲಿಂದ ಇಳಿಬಿದ್ದಿದ್ದವು.

ಒಂದು ಗಾಜಿನ ಮನೆಗೆ ಕಾಂಗೋ ಅಂತಲೇ ಹೆಸರು. ಅಪ್ಪ ಯಾಕೆ ಅಂದರು. 1885ರಿಂದ 1908ರವರೆಗೆ ಇಡೀ ಕಾಂಗೋ ಈ ಒಬ್ಬ ರಾಜನ ಸ್ವಂತ ಆಸ್ತಿಯಾಗಿತ್ತು, ರಬ್ಬರ್ ಸಾಕಷ್ಟು ತರದವರ ಕೈ ಕಡಿಸುತ್ತಿದ್ದರು, ಆ ದುಡ್ಡಿನಲ್ಲಿ ಅವನು ಬ್ರಸೆಲ್ಸ್ ತುಂಬ ಕಟ್ಟಡ ಕಟ್ಟಿಸಿದ ಅಂತ ಹೇಳಿದೆ. ಅಪ್ಪ ಗುಂಡಿ ಮತ್ತೆ ಹಾಕಿಕೊಂಡರು. ಹೊರಗೆ ಬರುವವರೆಗೂ ಮಾತಾಡಲಿಲ್ಲ.

ನಿಜವಾದ ಪ್ರವಾಸ ನಡೆದದ್ದು ಮಾತ್ರ ಹಾಸ್ಪೆನ್‌ಗೌನಲ್ಲಿ.

ಬೆಲ್ಜಿಯಂನ ಪೂರ್ವಕ್ಕೆ, ಲಿಂಬರ್ಗ್ ಪ್ರಾಂತ್ಯದ ಹಣ್ಣಿನ ಸೀಮೆ ಅದು. ಸಿಂಟ್ ಟ್ರೌಡೆನ್ ಅದರ ದೊಡ್ಡ ಊರು. ಸೇಬು, ಪೇರ್, ಚೆರ್ರಿ. ಏಪ್ರಿಲ್‌ನಲ್ಲಿ ಮೊದಲು ಚೆರ್ರಿ, ಪೇರ್ ಅರಳುತ್ತವೆ, ಹಿಂದೆಯೇ ಸೇಬು. ನೀಲಿ ಕಾಡಿಗೆ ಬೇಗ ಹೋಗಿ ಕೆಟ್ಟ ಮೇಲೆ ಇಲ್ಲಿಗಾದರೂ ಸರಿಯಾಗಿ ಹೋಗಬೇಕು ಅಂತ ದಿನಾ ವರದಿ ನೋಡುತ್ತಿದ್ದೆ. ಪೇರ್ ಪೂರ್ತಿ ಅರಳಿದೆ ಅಂದ ಶನಿವಾರ ಒಂದು ಕಾರು ಬಾಡಿಗೆ ಹಿಡಿದು ಹೊರಟೆವು. ಮುಕ್ಕಾಲು ಗಂಟೆಯ ದಾರಿ. ಸೈಕಲ್ ಬರುವವರಿಗೆ ಇದು ಸ್ವರ್ಗ. ಕವಲುದಾರಿಗಳಿಗೆಲ್ಲ ನಂಬರ್ ಹಾಕಿದ್ದಾರೆ. ಮ್ಯಾಪ್ ಬೇಡ, ನಾಲ್ಕೈದು ನಂಬರ್ ಚೀಟಿಯಲ್ಲಿ ಬರೆದುಕೊಂಡರೆ ಸಾಕು. ಈ ಪದ್ಧತಿ ಶುರುವಾದದ್ದೇ ಲಿಂಬರ್ಗ್‌ನಲ್ಲಿ, 1995ರಲ್ಲಿ.

ಗುಡ್ಡದ ಇಳಿಜಾರು ಪೂರ್ತಿ ಬಿಳಿ. ಅಮ್ಮ "ಅಯ್ಯಬ್ಬಾ" ಅಂದಳು. ಅಪ್ಪ ಹೂವು ನೋಡಲಿಲ್ಲ. ಬುಡ ನೋಡಿದರು, ಸಾಲು ನೋಡಿದರು, ಸಾಲಿನಿಂದ ಸಾಲಿಗೆ ಹೆಜ್ಜೆ ಹಾಕಿ ಅಂತರ ಅಳೆದರು. ಮರಗಳು ನಮ್ಮ ಎದೆಗಿಂತ ಸ್ವಲ್ಪ ಎತ್ತರ ಅಷ್ಟೇ. ಕಂಬ ನೆಟ್ಟು, ತಂತಿ ಎಳೆದು, ರೆಂಬೆಗಳನ್ನು ಅದಕ್ಕೆ ಕಟ್ಟಿದ್ದರು. ಏಣಿ ಇಲ್ಲದೆ ಕೊಯ್ಯೋಕೆ. ದೊಡ್ಡ ಹಳೆಯ ಮರಗಳ ತೋಟಗಳೂ ಅಲ್ಲಲ್ಲಿ ಉಳಿದಿವೆ, ಕೆಳಗೆ ಕುರಿ ಮೇಯುತ್ತವೆ. "ಐವತ್ತು ಅಡಿ ಅಡಿಕೆ ಮರ ಹತ್ತೋಕೆ ಜನ ಹುಡುಕೋ ನಾವು ಎಲ್ಲಿ, ಇವರೆಲ್ಲಿ," ಅಂತ ಅಪ್ಪ ನಿಟ್ಟುಸಿರು ಬಿಟ್ಟರು.

ತೋಟದ ಅಂಚಿನಲ್ಲಿ ಒಬ್ಬರು ಬಗ್ಗಿ ಬಗ್ಗಿ ತಗಡಿನ ಡಬ್ಬಿಗಳನ್ನು ಹೆಕ್ಕಿ ಟ್ರೇಲರಿಗೆ ಹಾಕುತ್ತಿದ್ದರು. ತಲೆಗೆ ಕಡುನೀಲಿ ಪೇಟ. ಸರ್ದಾರ್ಜಿ! ನನಗೆ ಆಶ್ಚರ್ಯವಾಗಲಿಲ್ಲ. 1980ರ ದಶಕದಿಂದ ಹಣ್ಣಿನ ತೋಟದ ಕೆಲಸಕ್ಕೆ ಅಂತ ಪಂಜಾಬಿನವರು ಈ ಸೀಮೆಗೆ ಬಂದು ನೆಲೆಸಿದ್ದಾರೆ, ಸಿಂಟ್ ಟ್ರೌಡೆನ್‌ನಲ್ಲಿ ಗುರುದ್ವಾರವೂ ಇದೆ. ಆದರೆ ಅಪ್ಪನಿಗೆ ಆದ ಖುಷಿ ನೋಡಬೇಕಿತ್ತು. ತಮ್ಮ ಹರಕು ಹಿಂದಿಯಲ್ಲಿ ಶುರು ಮಾಡಿಯೇ ಬಿಟ್ಟರು. "ಏ ಕ್ಯಾ ಹೈ? ದೀಪ ಹೈ ಕ್ಯಾ?"

ದೀಪವೇ. ಡಬ್ಬಿಯಲ್ಲಿ ಅರ್ಧ ಉರಿದ ಮೇಣ. ಎರಡು ರಾತ್ರಿ ಹಿಂದೆ ಮೈನಸ್‌ಗೆ ಇಳಿದಿತ್ತಂತೆ. ಹೂವು ಬಿಟ್ಟಾಗ ಹಿಮ ಬಿದ್ದರೆ ವರ್ಷದ ಬೆಳೆ ಹೋಯಿತು. ಅದಕ್ಕೆ ಸಾಲು ಸಾಲಿಗೆ ಈ ಡಬ್ಬಿಗಳನ್ನಿಟ್ಟು ನಡುರಾತ್ರಿ ಹಚ್ಚುತ್ತಾರೆ. ಬೆಳಗಾಗುವವರೆಗೂ ಯಾರೂ ಮಲಗೋ ಹಾಗಿಲ್ಲ. "ದೂರದಿಂದ ದೀಪಾವಳಿ ಥರ ಕಾಣುತ್ತೆ ಬಾಬೂಜಿ, ಹತ್ತಿರ ಹೋದ್ರೆ ಬರೀ ಹೊಗೆ," ಅಂತ ನಕ್ಕರು.

ಅವರು ಒಂದು ಹೂವು ಕಿತ್ತು ಉಗುರಿನಿಂದ ಸೀಳಿ ಅಪ್ಪನ ಅಂಗೈ ಮೇಲಿಟ್ಟರು. ಎಸಳೆಲ್ಲ ಬೆಳ್ಳಗೆ, ಚೆನ್ನಾಗೇ ಇತ್ತು. ನಡುವೆ, ಕಾಯಿ ಆಗಬೇಕಾದ ಜಾಗದಲ್ಲಿ, ಸಾಸಿವೆಯಷ್ಟು ಕಪ್ಪು. ಇದು ಸತ್ತಿದೆ ಅಂದರು. ಪಕ್ಕದ ಗೊಂಚಲಿನಿಂದ ಇನ್ನೊಂದು ಸೀಳಿದರು. ಅದರ ನಡುವೆ ಎಳೆ ಹಸಿರು. ಇದು ಬದುಕಿದೆ. ಹೊರಗಿಂದ ನೋಡಿದರೆ ಎರಡೂ ಒಂದೇ. ನಾನು ಅರ್ಧ ಗಂಟೆಯಿಂದ ಅದೇ ಹೂವುಗಳ ಫೋಟೋ ಹೊಡೆಯುತ್ತಿದ್ದೆ. ಯಾವುದು ಸತ್ತದ್ದು, ಯಾವುದು ಬದುಕಿದ್ದು ಅಂತ ನನಗೇನು ಗೊತ್ತು?

ಅಪ್ಪ ಜೇಬಿನಿಂದ ಕನ್ನಡಕ ತೆಗೆದು ಎರಡನ್ನೂ ಮತ್ತೆ ಮತ್ತೆ ನೋಡಿದರು.

ಕೆಲವು ತೋಟಗಳಲ್ಲಿ ದೀಪದ ಬದಲು ನೀರು ಹೊಡೆಯುತ್ತಾರಂತೆ. ರಾತ್ರಿಯಿಡೀ ಸ್ಪ್ರಿಂಕ್ಲರ್ ಬಿಟ್ಟು ಹೂವಿನ ಮೇಲೆ ಮಂಜುಗಡ್ಡೆಯ ಪದರ ಕಟ್ಟಿಸುತ್ತಾರೆ. ಇದನ್ನು ಅಪ್ಪ ಒಪ್ಪಲೇ ಇಲ್ಲ. "ಮಂಜುಗಡ್ಡೆ ಹೊದಿಸಿ ಚಳಿಯಿಂದ ಕಾಯೋದಾ? ತಮಾಷೆ ಮಾಡ್ತಿದ್ದಾನೆ." ತಮಾಷೆ ಅಲ್ಲ. ನೀರು ಹೆಪ್ಪುಗಟ್ಟುವಾಗ ಶಾಖ ಬಿಡುತ್ತದೆ. ಅದು ಹೂವನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಹಿಡಿದಿಡುತ್ತದೆ, ಅದಕ್ಕಿಂತ ಕೆಳಗೆ ಬಿಡಲ್ಲ. ಆದರೆ ನಡುವೆ ನೀರು ನಿಲ್ಲಬಾರದು. ನಿಂತರೆ ಎಲ್ಲ ಹೋಯಿತು. ನಾನು ಶಾಲೆಯ ವಿಜ್ಞಾನ ನೆನಪಿಸಿಕೊಂಡು ವಿವರಿಸಿದೆ. ಅಪ್ಪ ಅರ್ಧ ನಂಬಿದರು.

ಆಮೇಲೆ ಅಪ್ಪನ ಸರದಿ. ಕೊಳೆರೋಗದ ಕಥೆ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರೋದು, ಅದಕ್ಕೆ ಅಡಿಕೆ ಗೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಹೊದಿಸಿ ಕಟ್ಟೋದು, ಮೈಲುತುತ್ತು-ಸುಣ್ಣದ ಬೋರ್ಡೋ ಹೊಡೆಸೋದು. ಹಿಂದಿ ಸಾಲದೆ ಕೈಸನ್ನೆ, ಕೈಸನ್ನೆ ಸಾಲದೆ ನಾನು. 'ಬೋರ್ಡೋ' ಅಂದ ಕೂಡಲೇ ಸರ್ದಾರ್ಜಿ ತಲೆಯಾಡಿಸಿದರು. ಅವರಿಗೂ ಗೊತ್ತು.

"ಅಪ್ಪ, ಬೋರ್ಡೋ ಇಲ್ಲೇ ಪಕ್ಕದ ಫ್ರಾನ್ಸಿನ ಒಂದು ಊರು," ಅಂದೆ. 1880ರ ದಶಕದಲ್ಲಿ ಅಲ್ಲಿಯ ದ್ರಾಕ್ಷಿ ತೋಟದ ರೋಗಕ್ಕೆ ಕಂಡುಹಿಡಿದ ಔಷಧಿ ಅದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೋಲ್ಮನ್ ಅನ್ನೋ ಕೆನಡಾದ ವಿಜ್ಞಾನಿ 1910ರ ಸುಮಾರಿಗೆ ಕೊಳೆರೋಗಕ್ಕೆ ಅದನ್ನು ಬಳಸಬಹುದು ಅಂತ ತೋರಿಸಿಕೊಟ್ಟರು.

ಅಪ್ಪ ಸುಮ್ಮನೆ ನಿಂತರು. "ನಲವತ್ತು ವರ್ಷದಿಂದ ಹೊಡೆಸ್ತಿದ್ದೀನಿ. ಅದು ಯಾವುದೋ ಕಂಪನಿ ಹೆಸರು ಅಂದ್ಕೊಂಡಿದ್ದೆ."

ಅಷ್ಟರಲ್ಲಿ ಅಮ್ಮ ಚಕ್ಕುಲಿ ಡಬ್ಬ ತೆಗೆದಿದ್ದಳು. ಸರ್ದಾರ್ಜಿ ಟ್ರೇಲರಿನಿಂದ ತಮ್ಮ ಡಬ್ಬಿ ತಂದರು. ಆಲೂ ಪರೋಟ, ಮಾವಿನ ಉಪ್ಪಿನಕಾಯಿ. ಅಮ್ಮ ನನ್ನ ಮುಖ ನೋಡಿದಳು. ತವಾದ ಮೇಲೆ ತುಪ್ಪ ಹಾಕಿ ಬೇಯಿಸಿದ್ದು ಅಂತ ಅವರೇ ಹೇಳಿದರು. ಪೇರ್ ಮರದ ಬುಡದಲ್ಲಿ, ಕಲ್ಲಿನ ಮೇಲೆ ಕೂತು ಅಮ್ಮ ಒಂದೂವರೆ ಪರೋಟ ತಿಂದಳು. ಮನೆಯ ಹೊರಗೆ ಅವಳು ಹೊಟ್ಟೆ ತುಂಬ ತಿಂದದ್ದು ಅದೊಂದೇ ಸಲ.

ಮುಂದೆ ಬೋರ್ಗ್‌ಲೋನ್‌ಗೆ ಹೋದೆವು. ಅಲ್ಲಿ ಹೊಲದ ನಡುವೆ ಉಕ್ಕಿನ ಪಟ್ಟಿ ಪೇರಿಸಿ ಮಾಡಿದ ಒಂದು 'ಪಾರದರ್ಶಕ ಚರ್ಚು' ಇದೆ. 2011ರದ್ದು, 30 ಟನ್ ಉಕ್ಕು. ಒಂದು ಕಡೆಯಿಂದ ಗಟ್ಟಿ ಕಟ್ಟಡದ ಹಾಗೆ, ಇನ್ನೊಂದು ಕಡೆಯಿಂದ ಗಾಳಿಯಲ್ಲಿ ಕರಗಿದ ಹಾಗೆ ಕಾಣುತ್ತದೆ. ನನಗೆ ಇಷ್ಟವಾಯಿತು. ಅಪ್ಪ, "ಮಾಡು ಸೋರತ್ತೆ," ಅಂದರು.

ಆ ಊರಿನ ಇನ್ನೊಂದು ಹೆಸರುವಾಸಿ ಪದಾರ್ಥ ಸ್ಟ್ರೋಪ್. ಸೇಬು, ಪೇರ್ ಹಣ್ಣುಗಳನ್ನು ಗಂಟೆಗಟ್ಟಲೆ ಬೇಯಿಸಿ, ಹಿಂಡಿ, ರಸವನ್ನು ಮತ್ತೆ ಕಾಯಿಸಿ ಕಾಯಿಸಿ ಕಪ್ಪಗೆ ಗಟ್ಟಿ ಮಾಡುತ್ತಾರೆ. ಬ್ರೆಡ್ಡಿಗೆ ಹಚ್ಚಿಕೊಳ್ಳೋಕೆ. ಒಂದು ಬಾಟಲಿ ತಂದೆವು. ಅಮ್ಮ ಮಾರನೇ ದಿನ ದೋಸೆಯ ಜೊತೆ ಬಡಿಸಿದಳು. ಅಪ್ಪ ಬೆರಳಲ್ಲಿ ನೆಕ್ಕಿ, "ಜೋನಿ ಬೆಲ್ಲಕ್ಕೆ ಹುಳಿ ಹಿಂಡಿದ ಹಾಗಿದೆ," ಅಂದರು. ನಾಲ್ಕು ದಿನಕ್ಕೆ ಬಾಟಲಿ ಖಾಲಿ.

ಈಸ್ಟರ್ ಬಂತು. ಕೆಳಗಿನ ಮನೆಯ ಅಜ್ಜಿ ಮೂವರಿಗೂ ಚಾಕಲೇಟ್ ಮೊಟ್ಟೆ ಕೊಟ್ಟು ಒಂದು ಕಥೆ ಹೇಳಿದರು. ಈಸ್ಟರ್ ಮುಂಚಿನ ಗುರುವಾರದಿಂದ ಚರ್ಚಿನ ಗಂಟೆಗಳು ಮೌನ. ಅವು ರೆಕ್ಕೆ ಕಟ್ಟಿಕೊಂಡು ರೋಮ್‌ಗೆ ಹಾರಿಹೋಗಿವೆ, ವಾಪಸ್ ಬರುವಾಗ ತೋಟಗಳಲ್ಲಿ ಮೊಟ್ಟೆ ಉದುರಿಸುತ್ತವೆ ಅಂತ ಮಕ್ಕಳಿಗೆ ಹೇಳುತ್ತಾರಂತೆ. ಬೇರೆ ದೇಶದಲ್ಲಿ ಮೊಲ ತರುತ್ತದೆ, ಇಲ್ಲಿ ಗಂಟೆ. ಅಮ್ಮನಿಗೆ ಮೊಲಕ್ಕಿಂತ ಗಂಟೆಯೇ ಸರಿ ಅನಿಸಿತು. ಗೌರಿ ಗಣಪ ಬಂದು ಹೋಗುವ ಹಾಗೆ ಅಲ್ವಾ ಅಂದಳು.

ಈಸ್ಟರ್ ಆದ ಮಂಗಳವಾರ ಮತ್ತೆ ಹಾಲರ್‌ಬೋಸ್. ಅಪ್ಪ ಹೇಳಿದ ಹನ್ನೆರಡು ದಿನಕ್ಕೆ ಒಂದೆರಡು ದಿನ ಜಾಸ್ತಿ. ಬೆಳಗ್ಗೆ ಮೊದಲ ರೈಲಿಗೇ ಹೊರಟೆವು. ರಜೆಯ ದಿನಗಳಾದ್ದರಿಂದ ಹತ್ತು ಗಂಟೆ ಮೇಲೆ ಜಾತ್ರೆ ಅಂತ ಗೊತ್ತಿತ್ತು.

ದಾರಿ ಒಂದು ತಿರುವು ತಗೊಂಡಿತು, ನೀಲಿ ಬಂತು. ನೀಲಿ ಅಂದರೆ ಪೂರ್ತಿ ನೀಲಿಯೂ ಅಲ್ಲ. ನೆರಳಿದ್ದಲ್ಲಿ ನೇರಳೆ, ಬಿಸಿಲು ಬಿದ್ದಲ್ಲಿ ತಿಳಿ. ದೂರಕ್ಕೆ ನೋಡಿದರೆ ನೆಲದಿಂದ ಒಂದಡಿ ಎತ್ತರಕ್ಕೆ ಹೊಗೆ ನಿಂತ ಹಾಗೆ. ನನ್ನ ಮೊಬೈಲಿಗೆ ಆ ಬಣ್ಣ ಸಿಗಲೇ ಇಲ್ಲ. ಹತ್ತಿರ ಬಗ್ಗಿ ನೋಡಿದರೆ ಒಂದೊಂದು ದಂಟೂ ಒಂದೇ ಕಡೆಗೆ ಬಾಗಿ, ಅದರಲ್ಲಿ ಸಾಲಾಗಿ ಪುಟ್ಟ ಗಂಟೆಗಳು. ಪ್ರತಿ ಗಂಟೆಯ ಅಂಚು ಹೊರಗೆ ಮಡಚಿಕೊಂಡಿದೆ. ಬೀಚ್ ಮರಗಳಲ್ಲಿ ಆಗಷ್ಟೇ ಎಲೆ ಬಿಡುತ್ತಿತ್ತು, ಬೆಳಕು ತೋರುವಷ್ಟು ಎಳೆಯದು.

"ಮೇಲೆ ಎಲೆ ತುಂಬಿದ್ರೆ ಕೆಳಗೆ ಕತ್ತಲೆ. ಅದಕ್ಕೇ ಇವುಗಳಿಗೆ ಗಡಿಬಿಡಿ. ಅಷ್ಟರೊಳಗೆ ಹೂ ಬಿಟ್ಟು, ಬೀಜ ಕಟ್ಟಿ, ಗೆಡ್ಡೆಗೆ ಊಟ ತುಂಬಿಸ್ಕೊಂಡು ಮಲಗ್ಬೇಕು," ಅಂದರು ಅಪ್ಪ. ಮೊದಲ ಮಹಾಯುದ್ಧದಲ್ಲಿ ಜರ್ಮನರು ಇಲ್ಲಿಯ ದೊಡ್ಡ ಮರಗಳನ್ನೆಲ್ಲ ಕಡಿದಿದ್ದರು, ಈಗಿನ ಕಾಡು ಹೆಚ್ಚಾಗಿ 1930ರಿಂದ 1950ರೊಳಗೆ ಮತ್ತೆ ನೆಟ್ಟದ್ದು ಅಂತ ಓದಿ ಹೇಳಿದೆ. ಅಪ್ಪ ಮರ ನೋಡಲಿಲ್ಲ, ನೆಲ ನೋಡಿದರು. "ಗೆಡ್ಡೆ ಒಳಗೇ ಕೂತಿರ್ಬೇಕು."

ಅಮ್ಮನ ಕೈ ಒಂದು ದಂಟಿನ ಹತ್ತಿರ ಹೋಯಿತು. ತಡೆದೆ. ಕೀಳುವಂತಿಲ್ಲ, ದಾರಿ ಬಿಟ್ಟು ಇಳಿಯುವಂತೆಯೂ ಇಲ್ಲ. ಎಲ್ಲ ಕಡೆ ಬೋರ್ಡ್ ಇದೆ. ಎಲೆ ತುಳಿದರೆ ಗೆಡ್ಡೆಗೆ ಆಹಾರ ಸಿಗಲ್ಲ, ಆ ಜಾಗ ವರ್ಷಗಟ್ಟಲೆ ಬೋಳಾಗುತ್ತದೆ. ಅಲ್ಲಲ್ಲಿ ಫೋಟೋಕ್ಕೆ ಅಂತ ಜನ ಹೊಕ್ಕು ಮಾಡಿದ ಬೋಳು ಕಾಲುದಾರಿ ಕಾಣುತ್ತಲೂ ಇತ್ತು. "ಸೀತಾಳೆ ದಂಡೆ ಆಗಿದ್ರೆ ಮುಡ್ಕೊಳ್ತಿದ್ದೆ," ಅಂತ ಅಮ್ಮ ಕೈ ಹಿಂದಕ್ಕೆ ತಗೊಂಡಳು. ಎರಡು ಗಂಟೆ ಇದ್ದೆವು. ಜನ ಬರಲು ಶುರುವಾದ ಮೇಲೆ ಹೊರಟೆವು.

ಹಾಲೆಂಡಿನ ಕ್ಯುಕೆನ್‌ಹೋಫ್‌ಗೂ ಒಂದು ದಿನ ಬಸ್ಸಿನಲ್ಲಿ ಹೋಗಿ ಬಂದೆವು. 32 ಹೆಕ್ಟೇರ್, 70 ಲಕ್ಷ ಗೆಡ್ಡೆ, ಅಷ್ಟೇ ಜನ ಅನ್ನಿಸುವಷ್ಟು ಗದ್ದಲ. ಚೆಂದವೋ ಚೆಂದ. ನನಗೆ ಮದುವೆ ಮನೆಯ ಸ್ಟೇಜ್ ಡೆಕೋರೇಷನ್ ನೆನಪಾಯಿತು. ಅಮ್ಮನಿಗೆ ಮಾತ್ರ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಅಪ್ಪನಿಗೆ ಇಷ್ಟವಾದದ್ದು ಹೊರಗಿನ ಹೊಲಗಳು. ಅಲ್ಲಿ ಒಂದು ಯಂತ್ರ ಅರಳಿದ ಟ್ಯೂಲಿಪ್‌ಗಳ ತಲೆ ಕತ್ತರಿಸುತ್ತಾ ಹೋಗುತ್ತಿತ್ತು. ಅಮ್ಮ "ಅಯ್ಯೋ" ಅಂದಳು. ಅಲ್ಲಿ ಬೆಳೆ ಹೂವಲ್ಲ, ಗೆಡ್ಡೆ. ಹೂವು ಉಳಿದರೆ ಗೆಡ್ಡೆ ದಪ್ಪ ಆಗಲ್ಲ.

ಮೇ 1ರಂದು ಬ್ರಸೆಲ್ಸ್‌ನ ಬೀದಿ ಬೀದಿಯಲ್ಲಿ ಸಣ್ಣ ಬಿಳಿ ಗಂಟೆಯಂಥ ಹೂವಿನ ಕಟ್ಟು ಮಾರುತ್ತಿದ್ದರು. ಲಿಲಿ ಆಫ್ ದಿ ವ್ಯಾಲಿ. ಫ್ರೆಂಚ್‌ನಲ್ಲಿ ಮ್ಯುಗೆ, ಡಚ್‌ನಲ್ಲಿ ಮೇ ತಿಂಗಳ ಪುಟ್ಟ ಗಂಟೆ ಅನ್ನೋ ಅರ್ಥದ ಹೆಸರು. ಅವತ್ತು ಅದನ್ನು ಬೇಕಾದವರಿಗೆ ಕೊಟ್ಟರೆ ಶುಭ ಅಂತ. ಅಮ್ಮನಿಗೆ ಒಂದು ಕಟ್ಟು ಕೊಡಿಸಿದೆ. ವಾಸನೆ ನೋಡಿದಳು, ಸುತ್ತ ನೋಡಿದಳು. "ಇದಕ್ಕೆ ಬೋರ್ಡ್ ಇಲ್ಲ ತಾನೇ?" ಅಂದು ಎರಡು ಎಳೆ ಬಿಡಿಸಿ ಜಡೆಗೆ ಸಿಕ್ಕಿಸಿಕೊಂಡಳು. ರೈಲಿನಲ್ಲಿ ಎದುರು ಕೂತ ಹೆಂಗಸು ಕೈಸನ್ನೆಯಲ್ಲೇ ಚೆಂದ ಅಂದಳು. ಆ ಹೂವು ವಿಷದ್ದು, ಬಾಯಿಗೆ ಮಾತ್ರ ಹಾಕಬಾರದು.

ಹೊರಡುವ ಹಿಂದಿನ ದಿನ ಅಪ್ಪ ಅಂಗಡಿಯಿಂದ ಬೀನ್ಸ್ ಬೀಜದ ಪೊಟ್ಟಣ ತಂದು ಬಾಲ್ಕನಿಯ ಕುಂಡಕ್ಕೆ ಹಾಕಲು ಕೂತರು. ಕೆಳಗಿನ ಅಜ್ಜಿ ಅಂಗಳದಿಂದಲೇ ಕೈ ಬೀಸಿ ಬೇಡ ಬೇಡ ಅಂದರು. ಮೇ 11ರಿಂದ 14ರವರೆಗೆ ಹಿಮದ ಸಂತರ ದಿನ. ನಾಲ್ಕು ಸಂತರು, ದಿನಕ್ಕೊಬ್ಬರು. ಅವರು ಹೋಗುವವರೆಗೂ ಹಿಮ ಬೀಳುವ ಭಯ ಇದ್ದೇ ಇದೆ, ಹೊರಗೆ ಬೀಜ ಹಾಕಬಾರದು. ನಾನು ಕನ್ನಡಕ್ಕೆ ತಿರುಗಿಸಿ ಹೇಳಿದೆ. ಅಪ್ಪ ಕೂಡಲೇ, "ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ ಅಂತ ಅವರಿಗೂ ಹೇಳು," ಅಂದರು. ಅದನ್ನು ಡಚ್‌ಗೆ ತಿರುಗಿಸೋದು ನನ್ನ ಕೈಲಾಗಲಿಲ್ಲ. ಇಬ್ಬರೂ ಮಾತ್ರ ಅರ್ಥವಾದವರ ಹಾಗೆ ತಲೆಯಾಡಿಸಿದರು. ಪೊಟ್ಟಣವನ್ನು ಅಪ್ಪ ಫ್ರಿಜ್ ಮೇಲಿಟ್ಟು ಹೋದರು.

ಮೇ 15ರ ಬೆಳಗ್ಗೆ ಫೋನ್ ಬಂತು.

"ಆ ಸಂತರು ಹೋದ್ರಾ?"

"ಹೋದ್ರು ಅಪ್ಪ. ನಿನ್ನೆ ರಾತ್ರಿ ಆರು ಡಿಗ್ರಿ ಇತ್ತು."

"ಹಂಗಾದ್ರೆ ಇವತ್ತು ಬೀಜ ಹಾಕು. ಇಲ್ಲಿ ಕೊಟ್ಟೆ ಕಟ್ಟೋಕೆ ಜನ ಸಿಕ್ತಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಪೇರ್ ಕಾಯಿ ಕಚ್ಚಿದ್ಯಾ ಅಂತ ಆ ಸರ್ದಾರಿಗೆ ಕೇಳಿದ್ಯಾ?"

"ಅವರ ನಂಬರ್ ತಗೊಂಡಿಲ್ವಲ್ಲ ಅಪ್ಪ."

"ಹೋಗಿ ನೋಡ್ಕೊಂಡು ಬಾ ಮತ್ತೆ. ಮುಕ್ಕಾಲು ಗಂಟೆ ದಾರಿ ಅಲ್ವಾ?"

ಶನಿವಾರ ಹೋಗಬೇಕು.